ಜೂನ್ 1ರಂದು ಹುಟ್ಟಿದ ಹುಡುಗ: ಪುಣೆಯ ಒಂದು ಬಾಲನ್ಯಾಯ ಪ್ರಕರಣದ ಅಧ್ಯಯನ

ಈ ಬರಹದಲ್ಲಿ ಹುಡುಗನ ಹೆಸರಿಲ್ಲ, ಅವನ ಊರಿನ ಹೆಸರಿಲ್ಲ, ಅವನನ್ನು ಹಿಡಿದು ತಂದ ಠಾಣೆಯ ಹೆಸರೂ ಇಲ್ಲ. ಸೌಜನ್ಯಕ್ಕಾಗಿ ಬಿಟ್ಟದ್ದೆಂದು ಯಾರೂ ತಿಳಿಯಬಾರದು. 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ 74ನೇ ಕಲಮಿನ ಪ್ರಕಾರ ಇಂಥ ಪ್ರಕರಣದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಹತ್ತಿಸುವ ಯಾವ ವಿವರವನ್ನು ಪ್ರಕಟಿಸಿದರೂ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಆದ್ದರಿಂದ ಪ್ರಕರಣದ ತಿರುಳಿಗೆ ಧಕ್ಕೆ ಬಾರದ ಕೆಲವು ವಿವರಗಳನ್ನು ನಾನು ಬದಲಿಸಿದ್ದೇನೆ. ಕಾನೂನಿನ ಭಾಗವನ್ನು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇಟ್ಟಿದ್ದೇನೆ.

ನಾನು ಈ ಪ್ರಕರಣಕ್ಕೆ ಬಂದದ್ದು ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ. ಶಿವಾಜಿನಗರದ ನ್ಯಾಯಾಲಯದ ಆವರಣದಲ್ಲಿ ಉಚಿತ ಕಾನೂನು ನೆರವಿನ ವಕೀಲರೊಬ್ಬರು ನನ್ನನ್ನು ಕರೆದು, "ಒಬ್ಬ ತಾಯಿ ಬಂದಿದ್ದಾಳೆ, ಆಕೆಯ ಮಾತು ನಮಗ್ಯಾರಿಗೂ ತಿಳಿಯುತ್ತಿಲ್ಲ, ಸ್ವಲ್ಪ ಕೇಳಿ ಹೇಳಿ" ಎಂದರು. ಕೇಳಿ ಹೇಳಲು ಹೋದವನು ಕೊನೆಗೆ ವಕಾಲತ್ತನ್ನೇ ಹಾಕಬೇಕಾಯಿತು.

ನಡೆದದ್ದು

ಕುಟುಂಬ ವಿಜಯಪುರ ಜಿಲ್ಲೆಯದು. ತಂದೆ ಗೌಂಡಿ, ತಾಯಿ ನಾಲ್ಕು ಮನೆಗಳ ಕೆಲಸ ಮಾಡುವಾಕೆ. ಹುಡುಗ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಆರನೆಯ ಇಯತ್ತೆಯವರೆಗೆ ಓದಿದ್ದ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅಜ್ಜಿಯ ಮನೆಯಿಂದ ಪುಣೆಗೆ ಬಂದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮರಾಠಿ ಮಾಧ್ಯಮ ಅವನಿಗೆ ಹೊಂದಲಿಲ್ಲ, ಹೊಂದಿಸುವಷ್ಟು ಪುರುಸೊತ್ತು ಮನೆಯಲ್ಲಿ ಯಾರಿಗೂ ಇರಲಿಲ್ಲ. ಸೆಂಟ್ರಿಂಗ್ ಕೆಲಸಕ್ಕೆ ಕೈ ಹಚ್ಚತೊಡಗಿದ. ಹದಿನೆಂಟು ತುಂಬದವರನ್ನು ದೊಡ್ಡ ಸೈಟುಗಳಲ್ಲಿ ಮುಕಾದಮರು (ಕೂಲಿಯಾಳುಗಳ ಮೇಸ್ತ್ರಿಗಳು) ತೆಗೆದುಕೊಳ್ಳುವುದಿಲ್ಲವಾದ್ದರಿಂದ ಯಾರು ಕೇಳಿದರೂ "ಅಠರಾ" ಎನ್ನುವುದು ಅವನಿಗೆ ರೂಢಿಯಾಗಿತ್ತು. ಈ ರೂಢಿ ಮುಂದೆ ಅವನಿಗೆ ಬಹಳ ದುಬಾರಿಯಾಯಿತು.

ಹುಡುಗನ ಮನೆಯಿದ್ದ ವಸ್ತಿಯಲ್ಲೇ (ಕೇರಿಯಲ್ಲೇ) ಇಪ್ಪತ್ನಾಲ್ಕು ವರ್ಷದ ಒಬ್ಬನಿದ್ದ. ಹಿಂದೆ ಎರಡು ಪ್ರಕರಣಗಳಲ್ಲಿ ಒಳಗೆ ಹೋಗಿ ಬಂದವನು, ಬೈಕು ಇಟ್ಟುಕೊಂಡವನು, ಹುಡುಗರಿಗೆ ಸಂಜೆ ವಡಾಪಾವ್ ಕೊಡಿಸುವವನು. 2025ರ ಫೆಬ್ರವರಿಯ ಒಂದು ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಮುಂಬೈ-ಬೆಂಗಳೂರು ಹೆದ್ದಾರಿಯ ಬದಿಯ ಸರ್ವಿಸ್ ರಸ್ತೆಯಲ್ಲಿ ಈತ ಬೈಕು ನಡೆಸುತ್ತಿದ್ದ, ಹುಡುಗ ಹಿಂದೆ ಕೂತಿದ್ದ. ಊಟ ತಲುಪಿಸಿ ಮರಳುತ್ತಿದ್ದ ಒಬ್ಬ ಡೆಲಿವರಿ ಕೆಲಸಗಾರನನ್ನು ಅಡ್ಡಗಟ್ಟಿದರು. ದೊಡ್ಡವನು ಅಂಗಿಯ ಒಳಗಿಂದ ಕೋಯ್ತಾ ತೆಗೆದು ಎತ್ತಿ ಹಿಡಿದ. ಹುಡುಗ ಇಳಿದು ಆ ಮನುಷ್ಯನ ಕೈಯಿಂದ ಮೊಬೈಲನ್ನೂ ಕಿಸೆಯಿಂದ ಏಳುನೂರು ರೂಪಾಯಿಯನ್ನೂ ತೆಗೆದುಕೊಂಡ. ಯಾರಿಗೂ ಗಾಯವಾಗಲಿಲ್ಲ. ಕೋಯ್ತಾ ಎಂದರೆ ಕಬ್ಬು, ತೆಂಗು ಕಡಿಯುವ ಕುಡುಗೋಲಿನಂಥ ಹತಾರ. ಇತ್ತೀಚಿನ ವರ್ಷಗಳಲ್ಲಿ "ಕೋಯ್ತಾ ಗ್ಯಾಂಗ್" ಎಂಬ ಮಾತು ಪುಣೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದು, ಆ ಒಂದು ಶಬ್ದ ಎಫ್‌ಐಆರ್‌ನಲ್ಲಿದ್ದರೆ ಸಾಕು, ಪೊಲೀಸರ ಧೋರಣೆಯೇ ಬಿಗಿಯಾಗುತ್ತದೆ. ಕತ್ತಲ ರಸ್ತೆಯಲ್ಲಿ ಅದನ್ನು ಎದುರಿಗೆ ಕಂಡ ಮನುಷ್ಯನ ಭಯವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಹುಡುಗನೂ ತಾನು ಮೊಬೈಲು ತೆಗೆದುಕೊಂಡದ್ದನ್ನು ನನ್ನೆದುರು ಒಮ್ಮೆಯೂ ಅಲ್ಲಗಳೆಯಲಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರನ್ನೂ ಹಿಡಿದರು.

"ಸಜ್ಞಾನ" ಎಂಬ ಒಂದು ಶಬ್ದ

ಠಾಣೆಯಲ್ಲಿ ಹುಡುಗನನ್ನು ವಯಸ್ಸು ಕೇಳಿದರು. ಅವನು ರೂಢಿಯಂತೆ "ಅಠರಾ" ಎಂದ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1 ಜನವರಿ 2007 ಎಂದಿತ್ತು. ನಿಖರವಾದ ದಿನಾಂಕ ಹೇಳಲಾಗದೆ ಅಂದಾಜಿನ ವಯಸ್ಸನ್ನಷ್ಟೇ ಹೇಳಿದವರಿಗೆ ಆಯಾ ವರ್ಷದ ಜನವರಿ 1 ದಾಖಲಾಗುತ್ತದೆ ಎಂಬುದು ಆಧಾರ್ ನೋಂದಣಿ ಕಂಡವರಿಗೆಲ್ಲ ಗೊತ್ತಿರುವ ಸಂಗತಿ. ಆ ಲೆಕ್ಕದಲ್ಲಿ ಘಟನೆಯ ದಿನ ಹುಡುಗನಿಗೆ ಹದಿನೆಂಟು ವರ್ಷ ಒಂದು ತಿಂಗಳು.

ಸಂಜೆ ತಾಯಿ ಠಾಣೆಗೆ ಹೋದಳು. ಅಲ್ಲಿನ ಒಬ್ಬರು ಮರಾಠಿಯಲ್ಲಿ, ಮಗ "ಸಜ್ಞಾನ" ಹೌದೋ ಎಂದು ಕೇಳಿದರು. ಮರಾಠಿಯಲ್ಲಿ ಸಜ್ಞಾನ ಎಂದರೆ ಹದಿನೆಂಟು ತುಂಬಿದವನು, ಅಪ್ರಾಪ್ತನೆಂದರೆ ಅಲ್ಪವಯೀನ. ತಾಯಿಯ ಕಿವಿಗೆ ಬಿದ್ದದ್ದು ಜ್ಞಾನ ಎಂಬ ಭಾಗ ಮಾತ್ರ. ಮಗನ ಗುಣವನ್ನು ಕೇಳುತ್ತಿದ್ದಾರೆಂದು ತಿಳಿದು, "ಹೌದ್ರೀ ಸಾಹೇಬ್ರ, ಭಾಳ ಶಾಣ್ಯಾ ಅದಾನ" ಎಂದು ತಲೆಯಾಡಿಸಿದಳು. ಆ ತಲೆಯಾಡಿಕೆ ಕಾಗದದ ಮೇಲೆ ಹೋಗಿ "ತಾಯಿಯ ಹೇಳಿಕೆಯಂತೆ ಮಗನು ಸಜ್ಞಾನನು" ಎಂದಾಯಿತು. ಕೆಳಗೆ ಆಕೆಯ ಹೆಬ್ಬೆಟ್ಟು ಬಿತ್ತು. ಬೇಕೆಂದೇ ಹೀಗೆ ಮಾಡಿದರೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆದರೆ ಕನ್ನಡ ಮಾತ್ರ ಬಲ್ಲ ಹೆಂಗಸಿನ ಹೇಳಿಕೆಯನ್ನು ಮರಾಠಿಯಲ್ಲಿ ಬರೆದು, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದಂತೂ ನಿಜ.

ಈ ಒಂದು ತಪ್ಪಿನ ಪರಿಣಾಮವೇನೆಂದು ತಿಳಿಯಬೇಕಾದರೆ, ಹುಡುಗನ ವಯಸ್ಸನ್ನು ಸರಿಯಾಗಿ ವಿಚಾರಿಸಿದ್ದರೆ ಏನಾಗಬೇಕಿತ್ತು ಎಂಬುದನ್ನು ನೋಡಬೇಕು. ಕಾಯ್ದೆಯ 10ನೇ ಕಲಮಿನ ಪ್ರಕಾರ ಅವನನ್ನು ಕೂಡಲೇ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಿ, ಪ್ರಯಾಣದ ಸಮಯ ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕಿತ್ತು. ಯಾವ ಸಂದರ್ಭದಲ್ಲೂ ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದೆಂದು ಅದೇ ಕಲಂ ಹೇಳುತ್ತದೆ. ಅದಕ್ಕೆ ವಿನಾಯಿತಿಯೇ ಇಲ್ಲ. ಕೋಳ ತೊಡಿಸುವಂತಿಲ್ಲ. ತಂದೆ ತಾಯಿಗೂ ಪರಿವೀಕ್ಷಣಾಧಿಕಾರಿಗೂ (ಪ್ರೊಬೇಷನ್ ಅಧಿಕಾರಿಗೂ) ತಿಳಿಸಬೇಕು. ಇದಾವುದೂ ಆಗಲಿಲ್ಲ. ಇಬ್ಬರನ್ನೂ ಒಟ್ಟಿಗೆ ಶಿವಾಜಿನಗರದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ತಂದರು. ಮ್ಯಾಜಿಸ್ಟ್ರೇಟರು ಕೇಳಿದಾಗಲೂ ಹುಡುಗ "ಅಠರಾ" ಎಂದ. ಎರಡು ದಿನಗಳ ಪೊಲೀಸ್ ಕಸ್ಟಡಿ ಸಿಕ್ಕಿತು. ಹಿಡಿದ ದಿನದ್ದೂ ಸೇರಿ ಒಟ್ಟು ಮೂರು ರಾತ್ರಿ ಆ ಹುಡುಗ ಠಾಣೆಯ ಲಾಕಪ್ಪಿನಲ್ಲಿ ದೊಡ್ಡವರ ಜೊತೆ ಮಲಗಿದ.

ಎರಡನೆಯ ರಿಮಾಂಡಿನ ದಿನ ನನಗೆ ತಾಯಿ ಸಿಕ್ಕಳು. "ಯರವಡಾಕ್ಕ ಹಾಕ್ತಾರಂತ್ರೀ" ಎಂದು ಅಳುತ್ತಿದ್ದಳು. ಪುಣೆಯಲ್ಲಿ ಯರವಡಾ ಎಂದರೆ ಸೆಂಟ್ರಲ್ ಜೈಲು. ಆದರೆ ಜಿಲ್ಲೆಯ ಬಾಲನ್ಯಾಯ ಮಂಡಳಿಯೂ, ವಿಚಾರಣೆ ನಡೆಯುವಾಗ ಮಕ್ಕಳನ್ನು ಇಡುವ ವೀಕ್ಷಣಾಲಯವೂ ಇರುವುದು ಅದೇ ಯರವಡಾದಲ್ಲಿ. ಮಗ ಎರಡರಲ್ಲಿ ಯಾವುದಕ್ಕೆ ಹೋಗುತ್ತಾನೆಂಬುದು ಒಂದು ಹುಟ್ಟಿದ ದಿನಾಂಕದ ಮೇಲೆ ನಿಂತಿತ್ತು. "ಮಗ ಯಾವಾಗ ಹುಟ್ಟಿದ, ಅಕ್ಕಾ?" ಎಂದು ಕೇಳಿದೆ. "ಕಾರ ಹುಣ್ಣಿಮಿ ಮುಂದ್ರೀ. ಎತ್ತಿಗೆ ಬಣ್ಣಾ ಹಚ್ಚಾಕ ಹತ್ತಿದ್ರು" ಎಂದಳು. ವರ್ಷ ಆಕೆಗೆ ತಿಳಿಯದು. ತಂದೆ ಪಕ್ಕದಿಂದ, ಓಟು ಹಾಕಲು ತಾನು ಪುಣೆಯಿಂದ ಊರಿಗೆ ಬಂದಿದ್ದಾಗಿಯೂ, ಯಡಿಯೂರಪ್ಪ ಮುಖ್ಯಮಂತ್ರಿಯಾದ ಹೊಸತರಲ್ಲೇ ಮಗ ಹುಟ್ಟಿದನೆಂದೂ ಸೇರಿಸಿದ. ಯಡಿಯೂರಪ್ಪನವರು ವಿಧಾನಸಭಾ ಚುನಾವಣೆಯ ನಂತರ ಪ್ರಮಾಣವಚನ ತೆಗೆದುಕೊಂಡದ್ದು 2008ರ ಮೇ 30ರಂದು. ಆ ವರ್ಷದ ಕಾರ ಹುಣ್ಣಿಮೆ ಜೂನ್ 18. ನ್ಯಾಯಾಲಯದಲ್ಲಿ ಇದು ಸಾಕ್ಷ್ಯವಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಹುಡುಗನಿಗೆ ಹದಿನೇಳೂ ತುಂಬಿಲ್ಲವೆಂದು ನನಗೆ ಮನವರಿಕೆಯಾದದ್ದು ಈ ಎರಡು ಮಾತುಗಳಿಂದ.

ವಯಸ್ಸಿನ ವಿಚಾರಣೆ

ಆರೋಪಿ ತಾನು ಮಗುವೆಂದು ಹೇಳಿಕೊಂಡರೆ, ಅಥವಾ ಹಾಗೆಂದು ನ್ಯಾಯಾಲಯಕ್ಕೇ ಅನ್ನಿಸಿದರೆ, ಆ ನ್ಯಾಯಾಲಯ ವಿಚಾರಣೆ ನಡೆಸಿ ವಯಸ್ಸನ್ನು ನಿರ್ಣಯಿಸಬೇಕೆಂದು 9ನೇ ಕಲಂ ಹೇಳುತ್ತದೆ. ಬರಿಯ ಅಫಿಡವಿಟ್ಟು (ಪ್ರಮಾಣ ಮಾಡಿದ ಹೇಳಿಕೆ) ಬರೆದುಕೊಟ್ಟರೆ ಸಾಲದು, ಸಾಕ್ಷ್ಯ ಬೇಕು. ಈ ಹಕ್ಕನ್ನು ಯಾವ ಹಂತದಲ್ಲೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು. ವಿಚಾರಣೆ ನಡೆಯುವವರೆಗೆ ಕಾವಲಿನಲ್ಲಿಡಲೇಬೇಕೆಂದಿದ್ದರೆ ಜೈಲಿನ ಬದಲು "ಸುರಕ್ಷತಾ ಸ್ಥಳ"ದಲ್ಲಿಡಬೇಕು. ಅರ್ಜಿ ಹಾಕಿದ ದಿನವೇ ಮ್ಯಾಜಿಸ್ಟ್ರೇಟರು ಆ ಆದೇಶವನ್ನು ಕೊಟ್ಟರು. ಎದುರಿಗೆ ನಿಂತ ಮುಖವನ್ನು ಅವರು ಒಮ್ಮೆ ಸರಿಯಾಗಿ ನೋಡಿದ್ದೇ ಅದಕ್ಕೆ ಕಾರಣವೆಂದು ನನ್ನ ಊಹೆ. ಮೀಸೆ ಇನ್ನೂ ಮೂಡುತ್ತಿದ್ದ ಹುಡುಗ ಅವನು.

ಯಾವ ದಾಖಲೆಯನ್ನು ನಂಬಬೇಕೆಂಬ ಅನುಕ್ರಮ 94ನೇ ಕಲಮಿನಲ್ಲಿದೆ. ಮೊದಲನೆಯದು ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಪರೀಕ್ಷಾ ಮಂಡಳಿಯ ಹತ್ತನೆಯ ತರಗತಿಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಮಹಾನಗರಪಾಲಿಕೆ, ಪುರಸಭೆ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರ. ಇವೆರಡೂ ಇಲ್ಲದಿದ್ದಾಗ ಮಾತ್ರ ಎಲುಬಿನ ಬೆಳವಣಿಗೆಯ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ರಸ್ತೆ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದ ಸರೋಜ್ ಪ್ರಕರಣದಲ್ಲಿ, ಇದೇ 94ನೇ ಕಲಮನ್ನು ಆಧರಿಸಿ ಆಧಾರ್ ಗುರುತಿನ ದಾಖಲೆಯೇ ಹೊರತು ಹುಟ್ಟಿದ ದಿನಾಂಕದ ಪುರಾವೆಯಲ್ಲವೆಂದು ಹೇಳಿ, ಶಾಲೆಯ ಪ್ರಮಾಣಪತ್ರವನ್ನು ಎತ್ತಿಹಿಡಿದಿತ್ತು. ಆ ತೀರ್ಪಿಗೆ ಆಗಿನ್ನೂ ನಾಲ್ಕು ತಿಂಗಳು. ನಮ್ಮ ಹುಡುಗನ ಅದೃಷ್ಟ.

ಊರಿನ ಮುಖ್ಯಗುರುಗಳಿಗೆ ಫೋನು ಮಾಡಿದೆ. ದಾಖಲಾತಿ ವಹಿಯ ಪುಟದ ಚಿತ್ರ ಅರ್ಧ ಗಂಟೆಯಲ್ಲಿ ಬಂತು: ಹುಟ್ಟಿದ ದಿನ 01-06-2008. ಉತ್ತರ ಕರ್ನಾಟಕದ ಹಳ್ಳಿಶಾಲೆಯಲ್ಲಿ ಕಲಿತವರಿಗೆ ಈ ಜೂನ್ 1ರ ಕಥೆಯನ್ನು ಹೇಳಬೇಕಾಗಿಲ್ಲ. ಶಾಲೆ ಶುರುವಾಗುವ ದಿನಕ್ಕೆ ಸರಿಯಾಗಿ ವಯಸ್ಸು ಕೂಡಿಬರಲೆಂದು ಮಾಸ್ತರರು ಬರೆದ ದಿನಾಂಕ ಅದು. ನನ್ನ ಎರಡು ಮಂದಿ ಸೋದರಮಾವಂದಿರೂ ಜೂನ್ 1ರಂದೇ ಹುಟ್ಟಿದವರು. ಸರ್ಕಾರಿ ವಕೀಲರಿಗೂ ಈ ಗುಟ್ಟು ತಿಳಿದಿತ್ತು, ಏಕೆಂದರೆ ಸೋಲಾಪುರದ ಕಡೆಯಲ್ಲೂ ಇದೇ ಪದ್ಧತಿ. "ಇಡೀ ಊರೇ ಒಂದೇ ದಿನ ಹುಟ್ಟಿದೆ ಸ್ವಾಮಿ, ಇದನ್ನು ಹೇಗೆ ನಂಬುವುದು? ಎಲುಬಿನ ಪರೀಕ್ಷೆಯಾಗಲಿ" ಎಂದು ಅವರು ವಾದಿಸಿದರು.

ಅವರ ಮಾತಿನಲ್ಲಿ ಸತ್ಯವಿರಲಿಲ್ಲವೆಂದು ನಾನು ಹೇಳಲಾರೆ. ದಿನ ತಪ್ಪಿರಬಹುದು. ಆದರೆ ವಾದವಿದ್ದದ್ದು ಹದಿನೇಳು ದಿನಗಳ ಬಗ್ಗೆ ಅಲ್ಲ. 2007ರ ಜನವರಿಗೂ 2008ರ ಜೂನಿಗೂ ನಡುವಣ ಹದಿನೇಳು ತಿಂಗಳ ಬಗ್ಗೆ. ಆ ವಹಿಯನ್ನು ಬರೆದದ್ದು ಹುಡುಗ ಒಂದನೆಯ ಇಯತ್ತೆಗೆ ಸೇರಿದಾಗ. ಮುಂದೊಂದು ದಿನ ಪುಣೆಯಲ್ಲಿ ಪ್ರಕರಣವಾದೀತೆಂದು ಯಾವ ಮಾಸ್ತರರೂ ಅಂದು ಎಣಿಸಿರಲಾರರು. ಇನ್ನು ಎಲುಬಿನ ಪರೀಕ್ಷೆ ಹೇಳುವ ವಯಸ್ಸು ಎರಡು ವರ್ಷ ಆಚೀಚೆ ಆಗಬಹುದೆಂದು ನ್ಯಾಯಾಲಯಗಳೇ ಒಪ್ಪಿಕೊಂಡಿವೆ; ಹದಿನಾರೋ ಹದಿನೆಂಟೋ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ದಾಖಲೆ ಇರುವಾಗ ಕಾನೂನು ಆ ಪರೀಕ್ಷೆಗೆ ಎಡೆಯನ್ನೇ ಕೊಟ್ಟಿಲ್ಲ. ಎರಡು ಅಭಿಪ್ರಾಯಗಳಿಗೆ ಅವಕಾಶವಿರುವ ಗಡಿರೇಖೆಯ ಪ್ರಕರಣದಲ್ಲಿ ಅತಿಯಾದ ತಾಂತ್ರಿಕತೆಗೆ ಹೋಗದೆ ಆರೋಪಿಯನ್ನು ಬಾಲಕನೆಂದು ಎಣಿಸುವ ಕಡೆಗೆ ನ್ಯಾಯಾಲಯ ವಾಲಬೇಕೆಂದು ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲೇ, ಅರ್ನಿತ್ ದಾಸ್ ಪ್ರಕರಣದಲ್ಲಿ ಹೇಳಿದೆ.

ಮೊಬೈಲಿನ ಚಿತ್ರವಂತೂ ಸಾಕ್ಷ್ಯವಲ್ಲ. ಶಾಲೆಯ ಒಬ್ಬ ಸಹಶಿಕ್ಷಕರು ಮೂಲ ವಹಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸು ಹಿಡಿದು ಬಂದರು. ವಹಿ ಕನ್ನಡದಲ್ಲಿತ್ತು, ಅಂಕಿಗಳೂ ಕನ್ನಡದವು. ಪುಟದ ಅನುವಾದವನ್ನು ಪ್ರಮಾಣೀಕರಿಸಿ ಕೊಡಬೇಕಾಯಿತು. ಕನ್ನಡದ ಆರು ಮತ್ತು ಒಂಬತ್ತನ್ನು ಬಿಡಿಸಿ ತೋರಿಸಲು ನಾನು ಬಿಳಿ ಹಾಳೆಯಲ್ಲಿ ಒಂದರಿಂದ ಹತ್ತರವರೆಗೆ ಬರೆದು ಮ್ಯಾಜಿಸ್ಟ್ರೇಟರ ಮುಂದಿಟ್ಟದ್ದು ನನ್ನ ವೃತ್ತಿಜೀವನದ ವಿಚಿತ್ರ ದಾಖಲೆಗಳಲ್ಲೊಂದು. ಒಂಬತ್ತನೆಯ ದಿನ ಆದೇಶ ಬಂತು: ಘಟನೆಯ ದಿನ ಹುಡುಗನಿಗೆ ಹದಿನಾರು ವರ್ಷ ಎಂಟು ತಿಂಗಳು, ದಾಖಲೆಗಳ ಸಮೇತ ಅವನನ್ನು ಬಾಲನ್ಯಾಯ ಮಂಡಳಿಗೆ ಕಳಿಸತಕ್ಕದ್ದು. ದೊಡ್ಡವನ ಪ್ರಕರಣ ಅಲ್ಲೇ ಉಳಿಯಿತು, ಏಕೆಂದರೆ ಮಗುವನ್ನೂ ವಯಸ್ಕನನ್ನೂ ಒಟ್ಟಿಗೆ ವಿಚಾರಿಸುವಂತಿಲ್ಲವೆಂದು 23ನೇ ಕಲಂ ಹೇಳುತ್ತದೆ.

ಮಂಡಳಿಯಲ್ಲಿ ಜಾಮೀನು

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ; ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಕಟಕಟೆಯಿಲ್ಲ, ಸಮವಸ್ತ್ರದ ಪೊಲೀಸರಿಲ್ಲ.

ಜಾಮೀನಿನ ಬಗ್ಗೆ ಪುಣೆಯಲ್ಲಿ ಮಾತಾಡುವಾಗ 2024ರ ಮೇ 19ರ ಕಲ್ಯಾಣಿನಗರದ ಕಾರು ಅಪಘಾತವನ್ನು ಯಾರೂ ಮರೆಯಲಾರರು. ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ನಡೆಸುತ್ತಿದ್ದನೆನ್ನಲಾದ ಹದಿನೇಳು ವರ್ಷದವನಿಗೆ ಮಂಡಳಿ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟು, 300 ಪದಗಳ ಪ್ರಬಂಧ ಬರೆಯಲು ಹೇಳಿತೆಂದು ಊರೆಲ್ಲ ಸಿಟ್ಟಿಗೆದ್ದಿತು. ಆಮೇಲೆ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿದರು. ಜೂನ್ 25ರಂದು ಬಾಂಬೆ ಹೈಕೋರ್ಟು ಆ ಇಡುವಿಕೆ ಕಾನೂನುಬಾಹಿರವೆಂದು ಬಿಡುಗಡೆಗೆ ಆದೇಶಿಸಿತು. ಜನರ ಸಿಟ್ಟು ಸಹಜವಾದದ್ದೇ, ಆದರೆ ಅದರಲ್ಲಿ ಜಾಮೀನನ್ನೇ ಶಿಕ್ಷೆಯೆಂದು, ಪ್ರಬಂಧವನ್ನೇ ತೀರ್ಪೆಂದು ತಿಳಿದದ್ದೂ ಸೇರಿತ್ತು. ಆ ಪ್ರಕರಣದ ನಂತರ ಗೌಂಡಿಯ ಮಗನಿಗೆ ಜಾಮೀನು ಕೇಳುವುದು ಯಾವ ವಾತಾವರಣದಲ್ಲಿ ನಡೆಯಿತೆಂದು ಹೇಳಲು ಇದನ್ನು ನೆನೆದೆ. ಶ್ರೀಮಂತನ ಮಗನಿಗೆ ಅನ್ವಯಿಸಿದ 12ನೇ ಕಲಮೇ ಇವನಿಗೂ ಅನ್ವಯಿಸುತ್ತದೆ. ನಮ್ಮ ಸಿಟ್ಟಿನಲ್ಲಿ ಆ ಕಲಮನ್ನು ಕಿತ್ತುಹಾಕಿಸಿದರೆ ಮೊದಲು ಒಳಗುಳಿಯುವವನು ಇವನೇ.

12ನೇ ಕಲಮಿನಲ್ಲಿ ಅಪರಾಧ ಎಷ್ಟು ದೊಡ್ಡದು ಎಂಬುದು ಜಾಮೀನು ನಿರಾಕರಿಸಲು ಕಾರಣವಾಗುವುದಿಲ್ಲ. ಬಿಡುಗಡೆಯಾದರೆ ಮಗು ಪರಿಚಿತ ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವವಿದ್ದರೆ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಒಳಗಾಗುವಂತಿದ್ದರೆ, ಅಥವಾ ಬಿಡುಗಡೆಯಿಂದ ನ್ಯಾಯದ ಉದ್ದೇಶವೇ ಕೆಡುವಂತಿದ್ದರೆ ಮಾತ್ರ ನಿರಾಕರಿಸಬಹುದು. ಆಗಲೂ ಕಾರಣವನ್ನು ಬರೆದಿಡಬೇಕು. ಸರ್ಕಾರಿ ವಕೀಲರು ಹಿಡಿದದ್ದು ಮೊದಲನೆಯ ಕಾರಣವನ್ನು. ದೊಡ್ಡವನು ಜೈಲಿನಲ್ಲಿದ್ದರೂ ಅವನ ಜೊತೆಗಾರರೆಲ್ಲ ಅದೇ ವಸ್ತಿಯಲ್ಲಿದ್ದಾರೆ, ಹುಡುಗನ ಮನೆಯಿಂದ ಮೂರನೆಯ ಗಲ್ಲಿಯಲ್ಲಿ. ಈ ಆಕ್ಷೇಪಣೆ ಪೊಳ್ಳಲ್ಲವೆಂದು ನಾನು ಆಗಲೇ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆ. ಇಂಥಲ್ಲಿ "ಬಡವರು, ದಯೆ ತೋರಿ" ಎಂದು ಕೈಮುಗಿಯುವುದು ನಮ್ಮ ಕೆಲವು ವಕೀಲರ ಅಭ್ಯಾಸ. ಮಂಡಳಿಗೆ ಬೇಕಾದದ್ದು ಹುಡುಗ ನಾಳೆ ರಾತ್ರಿ ಎಲ್ಲಿ ಮಲಗುತ್ತಾನೆಂಬ ಪ್ರಶ್ನೆಗೆ ಉತ್ತರ.

ತಾಯಿಯ ಅಣ್ಣ ಪಿಂಪರಿ-ಚಿಂಚವಡದ ಕಡೆ ಇಪ್ಪತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದು, ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಮಾಡುತ್ತಾರೆ. ಅಕ್ಕತಂಗಿಯ ಮಕ್ಕಳ ಮೇಲೆ ಸೋದರಮಾವನಿಗಿರುವ ಅಧಿಕಾರ ನಮ್ಮ ಕಡೆ ಎಂಥದೆಂದು ಕನ್ನಡಿಗರಿಗೆ ಗೊತ್ತು. ಅದನ್ನು ಮರಾಠಿಯಲ್ಲಿ ವಿವರಿಸುವ ಅಗತ್ಯವೂ ಬೀಳಲಿಲ್ಲ, "ಮಾಮಾ" ಎಂದೊಡನೆ ಮಂಡಳಿಯ ಮಹಿಳಾ ಸದಸ್ಯರು ತಲೆದೂಗಿದರು. ಪರಿವೀಕ್ಷಣಾಧಿಕಾರಿ ಆ ಮನೆಗೆ ಹೋಗಿ ನೋಡಿ ಬಂದು ಸಾಮಾಜಿಕ ತನಿಖಾ ವರದಿ ಕೊಟ್ಟರು. ಈ ವರದಿಯನ್ನು ಎರಡು ವಾರಗಳಲ್ಲಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಹತ್ತು ದಿನದಲ್ಲಿ ಬಂತು. ಮಾವನ ಮುಚ್ಚಳಿಕೆಯ ಮೇಲೆ, ಹಳೆಯ ವಸ್ತಿಗೆ ಕಾಲಿಡಕೂಡದು, ಹದಿನೈದು ದಿನಕ್ಕೊಮ್ಮೆ ಪರಿವೀಕ್ಷಣಾಧಿಕಾರಿಗೆ ಮುಖ ತೋರಿಸಬೇಕು ಎಂಬ ಷರತ್ತುಗಳೊಡನೆ ಹುಡುಗನನ್ನು ಬಿಟ್ಟರು. ಅಂದರೆ ತಂದೆ ತಾಯಿ ಮಗನನ್ನು ನೋಡಲು ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಹೋಗಬೇಕಾಯಿತು.

311ನೇ ಕಲಂ

ಇನ್ನೊಂದು ತೊಡಕು ಆಗಿನ್ನೂ ಬಾಕಿಯಿತ್ತು. ಕಾಯ್ದೆ ಅಪರಾಧಗಳನ್ನು ಲಘು, ಗಂಭೀರ, ಘೋರ ಎಂದು ವಿಂಗಡಿಸುತ್ತದೆ. ಗರಿಷ್ಠ ಶಿಕ್ಷೆ ಮೂರು ವರ್ಷದವರೆಗಿದ್ದರೆ ಲಘು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿದ್ದರೆ ಘೋರ. ನಡುವಿನದು ಗಂಭೀರ. ಗರಿಷ್ಠ ಶಿಕ್ಷೆ ಏಳು ವರ್ಷಕ್ಕಿಂತ ಹೆಚ್ಚಿದ್ದು ಕನಿಷ್ಠ ಶಿಕ್ಷೆಯೇ ಇಲ್ಲದ ಅಪರಾಧಗಳ ಬಗ್ಗೆ ಗೊಂದಲವಿತ್ತು. 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವನ್ನು ಗಂಭೀರವೆಂದೇ ಎಣಿಸಬೇಕೆಂದಿತು, 2021ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಬರೆಯಿತು. ಈ ವಿಂಗಡಣೆ ಏಕೆ ಮುಖ್ಯವೆಂದರೆ, ಹದಿನಾರು ತುಂಬಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಾತ್ರ 15ನೇ ಕಲಮಿನ ಪ್ರಾಥಮಿಕ ಮೌಲ್ಯಮಾಪನ ನಡೆದು, ಅವನನ್ನು ವಯಸ್ಕನಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸುವ ದಾರಿ ತೆರೆಯುತ್ತದೆ. 2012ರ ದೆಹಲಿಯ ಅತ್ಯಾಚಾರ ಪ್ರಕರಣದ ನಂತರ ಎದ್ದ ಕೂಗಿನಿಂದ ಹೊಸ ಕಾಯ್ದೆಗೆ ಸೇರಿದ ದಾರಿ ಅದು.

ಪೊಲೀಸರು ಇಬ್ಬರ ಮೇಲೂ ಭಾರತೀಯ ನ್ಯಾಯ ಸಂಹಿತೆಯ 309 ಮತ್ತು 311 ಎರಡನ್ನೂ ಹಾಕಿದ್ದರು. 309 ದರೋಡೆಗೆ: ಹತ್ತು ವರ್ಷದವರೆಗೆ ಶಿಕ್ಷೆ, ಸೂರ್ಯಾಸ್ತದ ನಂತರ ಹೆದ್ದಾರಿಯಲ್ಲಾದರೆ ಹದಿನಾಲ್ಕರವರೆಗೆ, ಆದರೆ ಕನಿಷ್ಠವೆಂಬುದಿಲ್ಲ. ಆದ್ದರಿಂದ ಗಂಭೀರ. 311 ಮಾರಕಾಸ್ತ್ರ ಬಳಸಿದ ದರೋಡೆಗೆ: ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಆದ್ದರಿಂದ ಘೋರ. ದೋಷಾರೋಪಣೆಯ ಕಾಗದದಲ್ಲಿ ಒಂದು ಅಂಕಿ ಹೆಚ್ಚಾದದ್ದರಿಂದ ಹುಡುಗನ ದಾರಿಯೇ ಬೇರೆಯಾಗುವುದಿತ್ತು.

ಹಳೆಯ ದಂಡ ಸಂಹಿತೆಯಲ್ಲಿ ಇದು 397ನೇ ಕಲಂ. 1975ರಲ್ಲಿ ಫೂಲ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕಲಮಿನ ಬಗ್ಗೆ ಎರಡು ಮಾತು ಹೇಳಿತ್ತು: ಎದುರಿಗಿನವನು ಹೆದರುವಂತೆ ಅಸ್ತ್ರವನ್ನು ಕಾಣುವಂತೆ ಹಿಡಿದರೂ ಅದು ಬಳಕೆಯೇ, ಆದರೆ ಆ ಕಲಂ ತಗಲುವುದು ಅಸ್ತ್ರ ಬಳಸಿದವನಿಗೆ ಮಾತ್ರ, ಜೊತೆಯಲ್ಲಿದ್ದವನಿಗಲ್ಲ. ಕಲಮಿನ ಭಾಷೆ 311ರಲ್ಲೂ ಅದೇ. ಮೊದಲನೆಯ ಮಾತು ದೊಡ್ಡವನಿಗೆ ವಿರುದ್ಧವಾದದ್ದು, ಎರಡನೆಯದು ಹುಡುಗನಿಗೆ ಅನುಕೂಲವಾದದ್ದು. ದೂರುದಾರ ತನ್ನ ಎಫ್‌ಐಆರ್‌ನಲ್ಲೇ ಸ್ಪಷ್ಟವಾಗಿ, ಬೈಕು ನಡೆಸುತ್ತಿದ್ದವನ ಕೈಯಲ್ಲಿ ಕೋಯ್ತಾ ಇತ್ತು, ಹಿಂದೆ ಕೂತವನು ಬರಿಗೈಯಲ್ಲಿದ್ದ ಎಂದು ಬರೆಸಿದ್ದ. ಆ ರಾತ್ರಿಯ ಭಯದಲ್ಲೂ ಕಂಡದ್ದನ್ನು ಕಂಡಂತೆ ಹೇಳಿದ ಆ ಮನುಷ್ಯನಿಗೆ ಹುಡುಗ ಋಣಿಯಾಗಿರಬೇಕು.

ಮಂಡಳಿ ನನ್ನ ವಾದವನ್ನು ಒಪ್ಪಿ, ಹುಡುಗನ ಮಟ್ಟಿಗೆ 309 ಮತ್ತು ಸಮಾನ ಉದ್ದೇಶದ 3(5) ಮಾತ್ರ ಮೇಲ್ನೋಟಕ್ಕೆ ಕಾಣುತ್ತದೆಂದು ದಾಖಲಿಸಿತು. 15ನೇ ಕಲಂ ಅಲ್ಲಿಗೆ ಮುಗಿಯಿತು. ಮುಗಿಯದಿದ್ದರೆ, ಅಪರಾಧ ಎಸಗಲು ಅವನಿಗಿದ್ದ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ತಿಳಿಯುವ ಶಕ್ತಿ, ಘಟನೆಯ ಸನ್ನಿವೇಶ ಇವನ್ನು ಮಂಡಳಿ ತೂಗಬೇಕಿತ್ತು. ಸದಸ್ಯರಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. "ಶಾಣ್ಯಾ ಅದಾನ" ಎಂದ ತಾಯಿಯ ಅದೇ ಮಾತು ಅಲ್ಲಿ ಮಗನಿಗೆ ಎರಡನೆಯ ಸಲ ಮುಳುವಾಗುತ್ತಿತ್ತೇನೋ.

ಮಕ್ಕಳನ್ನು ಅಪರಾಧಕ್ಕೆ ತೊಡಗಿಸುವವನಿಗೆ ಸಂಹಿತೆಯ 95ನೇ ಕಲಂ ಕನಿಷ್ಠ ಮೂರು, ಗರಿಷ್ಠ ಹತ್ತು ವರ್ಷದ ಶಿಕ್ಷೆ ವಿಧಿಸುತ್ತದೆ. ಈ ಕಲಂ ಮೊದಲ ದಿನದ ಕಾಗದಗಳಲ್ಲಿ ಇರಲೇ ಇಲ್ಲ. ಹುಡುಗನನ್ನು ವಯಸ್ಕನೆಂದು ಬರೆದುಕೊಂಡವರಿಗೆ ಅದು ಹೊಳೆಯುವುದಾದರೂ ಹೇಗೆ? ಪರಿವೀಕ್ಷಣಾಧಿಕಾರಿಯ ವರದಿಯ ನಂತರವೇ ದೊಡ್ಡವನ ದೋಷಾರೋಪಪಟ್ಟಿಯಲ್ಲಿ ಅದು ಸೇರಿತು.

ಒಂದು ಚಿತ್ರ, ಒಂದು ಮೊಬೈಲು

ಹಿಡಿದ ಮರುದಿನವೇ ಇಬ್ಬರ ಮುಖವೂ ಕಾಣುವ ಒಂದು ಚಿತ್ರ ವಾಟ್ಸಾಪಿನಲ್ಲಿ ಹರಿದಾಡಿತು. ನಾನದನ್ನು ಕಂಡದ್ದು ಪುಣೆಯಲ್ಲಿರುವ ನಮ್ಮವರದೇ ಒಂದು ಗುಂಪಿನಲ್ಲಿ, "ನಮ್ಮ ಕಡೆಯವರ ಮಾನ ಕಳೆದರು" ಎಂಬ ಒಕ್ಕಣೆಯೊಡನೆ. ಹಾಕಿದವರು ನಿವೃತ್ತ ಅಧಿಕಾರಿ, ನನಗಿಂತ ಹಿರಿಯರು. "ರಾಯರೇ, ಇದನ್ನು ಮುಂದೆ ಕಳಿಸಿದವರಿಗೂ 74ನೇ ಕಲಂ ತಗಲುತ್ತದೆ" ಎಂದು ಫೋನು ಮಾಡಿದೆ. ತೆಗೆದುಹಾಕಿದರು, ಅಷ್ಟರಲ್ಲಿ ಅದು ಊರನ್ನು ಮುಟ್ಟಿಯಾಗಿತ್ತು.

ದೂರುದಾರನ ಮೊಬೈಲು ಮೂರನೆಯ ದಿನವೇ ದೊಡ್ಡವನ ಬಳಿ ಸಿಕ್ಕಿತು, ಆದರೆ ಮುದ್ದೆಮಾಲೆಂದು, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುವೆಂದು, ಠಾಣೆಯ ಕಪಾಟಿನಲ್ಲಿ ಎರಡು ತಿಂಗಳು ಕೂತಿತು. ಮೊಬೈಲಿಲ್ಲದೆ ಅವನ ಕೆಲಸವೇ ನಡೆಯದು. ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು, ಮುಚ್ಚಳಿಕೆ ಬರೆದು, ಅದನ್ನು ಮೊದಲೇ ಬಿಡಿಸಿಕೊಳ್ಳಬಹುದೆಂದು ಅವನಿಗೆ ಯಾರೂ ಹೇಳಲಿಲ್ಲ. ನಾನು ಎದುರು ಪಕ್ಷದ ವಕೀಲ, ಹೇಳುವ ಸ್ಥಾನದಲ್ಲಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಈಗಲೂ ಇರಿಸುಮುರಿಸಾಗುವ ಸಂಗತಿ ಇದೊಂದೇ.

ಆದೇಶ

ಮಂಡಳಿಯ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಕಾರಣ ಬರೆದು ಇನ್ನೆರಡು ತಿಂಗಳು ವಿಸ್ತರಿಸಬಹುದು. 2025ರ ಆಗಸ್ಟಿನಲ್ಲಿ, ವಿಸ್ತರಿಸಿದ ಅವಧಿಯೊಳಗೆ, ಆದೇಶವಾಯಿತು. ಹುಡುಗ ದರೋಡೆಯಲ್ಲಿ ಭಾಗಿಯಾದದ್ದು ರುಜುವಾತಾಗಿದೆ. 18ನೇ ಕಲಮಿನಡಿ ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆಯಿಂದ ಹಿಡಿದು, ಮಕ್ಕಳ ಸುಧಾರಣೆಗೆಂದಿರುವ ವಿಶೇಷ ಗೃಹದಲ್ಲಿ ಮೂರು ವರ್ಷದವರೆಗೆ ಇಡುವ ತನಕ ಮಂಡಳಿಯ ಕೈಯಲ್ಲಿ ಹಲವು ದಾರಿಗಳಿವೆ. ಒಂದು ವರ್ಷ ಮಾವನ ಸುಪರ್ದಿಯಲ್ಲಿ ಸನ್ನಡತೆಯ ಪರಿವೀಕ್ಷಣೆ, ಆಪ್ತಸಮಾಲೋಚನೆ, ವಿದ್ಯುತ್ ಕೆಲಸದ ಅಲ್ಪಾವಧಿ ತರಬೇತಿ ಎಂದು ಆದೇಶಿಸಿದರು.

ಮಾವ ಅಂದು ಕೇಳಿದ ಪ್ರಶ್ನೆ ಒಂದೇ: "ನಾಳಿಗಿ ಕಂಪನಿಯವ್ರು ಪೊಲೀಸ್ ಸರ್ಟಿಫಿಕೇಟ್ ಕೇಳಿದ್ರ ಏನ್ ಮಾಡೂದು ವಕೀಲ್ರ?" 24ನೇ ಕಲಮಿನ ಪ್ರಕಾರ ಈ ಆದೇಶ ಅವನಿಗೆ ಮುಂದೆ ಯಾವ ಅನರ್ಹತೆಯನ್ನೂ ತರುವುದಿಲ್ಲ, ಮೇಲ್ಮನವಿಯ ಅವಧಿ ಮುಗಿದು ನಿಯಮದಲ್ಲಿ ಹೇಳಿದ ಕಾಲ ಕಳೆದ ಮೇಲೆ ದಾಖಲೆಗಳನ್ನೇ ನಾಶ ಮಾಡಬೇಕು, ಮುಗಿದ ಪ್ರಕರಣವನ್ನು ಪೊಲೀಸರು ನಡತೆಯ ಪ್ರಮಾಣಪತ್ರದಲ್ಲಿ ಕಾಣಿಸುವಂತಿಲ್ಲ ಎಂದು ತಿಳಿಸಿ, ಆ ಕಲಮುಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿ ಇಟ್ಟುಕೊಂಡಿದ್ದಾರೆ.

2026ರ ಜೂನ್ 1ಕ್ಕೆ ವಹಿಯ ಪ್ರಕಾರ ಹುಡುಗನಿಗೆ ಹದಿನೆಂಟು ತುಂಬುತ್ತದೆ. ಕಾನೂನು ನೋಡುವುದು ಘಟನೆಯ ದಿನದ ವಯಸ್ಸನ್ನಾದ್ದರಿಂದ ಆದೇಶದಲ್ಲಿ ಏನೂ ಬದಲಾಗುವುದಿಲ್ಲ. ಪರಿವೀಕ್ಷಣೆ ಆಗಸ್ಟಿನವರೆಗೂ ನಡೆಯುತ್ತದೆ. ಲಾಕಪ್ಪಿನ ಆ ಮೂರು ರಾತ್ರಿಗಳ ಬಗ್ಗೆ ನಾವು ಕೊಟ್ಟ ಅರ್ಜಿ, ನಾನು ಇದನ್ನು ಬರೆಯುವ ಹೊತ್ತಿಗೂ ತೀರ್ಮಾನವಾಗಿಲ್ಲ.